ಹತ್ತಕ್ಕೆ ಹತ್ತು ಹಾಕಿದ ಪೆನ್ನು

ನಾನೊಂದು ಕೆಂಪು ಪೆನ್ನು. ಕಾರ್ಖಾನೆಯಲ್ಲಿ ಹುಟ್ಟಿ, ಒಂಬತ್ತು ಅಣ್ಣತಮ್ಮಂದಿರ ಜೊತೆ ಡಬ್ಬಿಯಲ್ಲಿ ಮಲಗಿ ಗದಗಿನ ಅಂಗಡಿಗೆ ಬಂದೆ. ನೀಲಿ ಪೆನ್ನುಗಳು ಬರೆಯುತ್ತವೆ, ನಾವು ತಪ್ಪು ಹುಡುಕುತ್ತೇವೆ. ಹಾಗಾಗಿ ನನಗೆ ಸೊಕ್ಕು ತುಸು ಜಾಸ್ತಿಯೇ ಇತ್ತು. ನನ್ನನ್ನು ಕೊಂಡವರು ಹೈಸ್ಕೂಲಿನ ಕನ್ನಡ ಟೀಚರ್ ಕಮಲಾಕ್ಷಿ ಹೂಗಾರ.

ಒಮ್ಮೆ ಅವರು ಒಂಬತ್ತನೇ ತರಗತಿಗೆ ‘ನನ್ನ ತಾಯಿ’ ಎಂಬ ಪ್ರಬಂಧ ಬರೆಯಲು ಹೇಳಿದರು. ಮಕ್ಕಳೆಲ್ಲ ಗೈಡು ನೋಡಿ ಇಳಿಸಿದ್ದರು. ಮೂವತ್ತೊಂಬತ್ತು ತಾಯಂದಿರೂ ಬೆಳಿಗ್ಗೆ ಐದಕ್ಕೇ ಎದ್ದು ದೇವರಿಗೆ ದೀಪ ಹಚ್ಚುತ್ತಿದ್ದರು! ನಾನು ಸರಸರ ರೈಟು ಹಾಕುತ್ತ ಹೋದೆ.

ಕೊನೆಗೆ ಹಾಸ್ಟೆಲಿನ ನೀಲವ್ವನ ನೋಟ್‌ಬುಕ್ಕು ಬಂತು. ಅವಳ ತಾಯಿ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದಳು. ನೀಲವ್ವ ಬರೆದಿದ್ದಳು: ‘ನನ್ನನ್ನು ಹಾಸ್ಟೆಲಿಗೆ ಬಿಟ್ಟಳೆಂದು ಅವ್ವನ ಮೇಲೆ ಸಿಟ್ಟು ಅಂದುಕೊಂಡಿದ್ದೆ. ಬರೆಯುತ್ತ ಕೂತಾಗ ಗೊತ್ತಾಯಿತು, ಅದು ಸಿಟ್ಟಲ್ಲ. ಅವಳ ಸಿಮೆಂಟಿನ ಕೈ ನೋಡಿ ಗೆಳತಿಯರ ಮುಂದೆ ನನಗೆ ನಾಚಿಕೆಯಾಗಿತ್ತು. ಅವ್ವನಿಗೆ ಓದಲು ಬಾರದು. ದೀಪಾವಳಿಗೆ ಬಂದಾಗ ಇದನ್ನು ಓದಿ ಹೇಳಿ, ತಪ್ಪಾಯಿತು ಅನ್ನುತ್ತೇನೆ.’

ಟೀಚರ್ ಕೆಟ್ಟವರಲ್ಲ. ಹುಡುಗಿ ಪಾಸಾಗಲಿ ಎಂಬುದೇ ಅವರ ಆಸೆ. ಆದರೂ ನನ್ನಿಂದ ಪುಟಕ್ಕೆ ಅಡ್ಡಗೆರೆ ಹೊಡೆಸಿದರು.

“ಖರೇನ ಬರದೀನ್ರಿ ಟೀಚರ್,” ಅಂದಳು ನೀಲವ್ವ.

“ಖರೇ ಇದ್ರ ಸಾಲಂಗಿಲ್ಲವ್ವಾ. ಪೀಠಿಕೆ ಬೇಕು, ಉಪಸಂಹಾರ ಬೇಕು. ಇಂಥಾದ್ದಕ್ಕ ಪರೀಕ್ಷಾದಾಗ ಮಾರ್ಕ್ಸ್ ಬರಂಗಿಲ್ಲ.”

ಪದ್ಧತಿಯಂತೆ ಮಾದರಿ ಪ್ರಬಂಧವನ್ನು ಮೂರು ಸಲ ಬರೆಸಿದರು. ನೀಲವ್ವ ಮುತ್ತಿನಂಥ ಅಕ್ಷರದಲ್ಲಿ ಬರೆದು ತಂದಳು. ತಾನು ಬರೆದಿದ್ದ ಹಾಳೆಯನ್ನು ಹರಿದು ಹಾಕಿದ್ದಳು.

ದೀಪಾವಳಿಗೆ ಮಗಳನ್ನು ಕರೆದೊಯ್ಯಲು ತಾಯಿ ಶಾಲೆಗೇ ಬಂದಳು. ನಾನು ಟೀಚರ್ ಕೈಯಲ್ಲಿದ್ದೆ. ಮಗಳು ಎಷ್ಟು ಚೆಂದ ಬರೆದಿದ್ದಾಳೆ ಎಂದು ಹೊಗಳಿ, ಓದಲು ಹೇಳಿದರು. ನೀಲವ್ವ ತಲೆ ಎತ್ತದೆ ಓದಿದಳು. ತಾಯಿ ಸೆರಗು ಹೊದ್ದು, ಒಂದು ಮಾತೂ ಬಿಡದೆ ಕೇಳಿಸಿಕೊಂಡಳು.

“ಛಲೋ ಬರದಿ ಮಗಳ,” ಅಂದಳು. “ಯಾರ ಅವ್ವನ ಸುದ್ದಿ ಇದು?”

ನೀಲವ್ವ ಟೀಚರ್ ಮುಖ ನೋಡಿದಳು. ಟೀಚರ್ ನನ್ನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ನಿಂತರು.

ಈಗ ನನ್ನ ಶಾಯಿ ಒಣಗಿದೆ, ಸ್ಟಾಫ್ ರೂಮಿನ ಡ್ರಾವರಿನಲ್ಲಿ ಬಿದ್ದಿದ್ದೇನೆ. ಸಾವಿರ ತಪ್ಪು ಹಿಡಿದೆನೆಂಬ ಹೆಮ್ಮೆಯೆಲ್ಲ ಇಳಿದುಹೋಗಿದೆ. ಒಂದು ಹುಡುಗಿ ತನ್ನ ಮನಸ್ಸನ್ನು ತಾನೇ ಕಂಡುಕೊಂಡ ಪುಟವನ್ನು ನಾನು ಹೊಡೆದು ಹಾಕಿದೆ. ಅದನ್ನು ನೆನೆದರೆ ಸಂಕಟವಾಗುತ್ತದೆ. ಆಮೇಲೆ ನೀಲವ್ವ ತನ್ನದೆಂದು ಒಂದು ಸಾಲನ್ನೂ ಬರೆಯಲಿಲ್ಲ. ಆ ವರ್ಷವಿಡೀ ಪ್ರತಿ ಪ್ರಬಂಧಕ್ಕೂ ಅವಳಿಗೆ ಹತ್ತಕ್ಕೆ ಹತ್ತು. ಹಾಕಿದವನು ನಾನೇ.