ಸೀಸೆಯ ಕೆಳಗಿನ ಬಳೆ

ಅಡುಗೆಮನೆಯ ಕಟ್ಟೆಯ ಮೇಲಿನ ಎಣ್ಣೆ ಸೀಸೆಗಳನ್ನು ಒಂದೊಂದಾಗಿ ಎತ್ತಿ ಜಿಡ್ಡು ಒರೆಸುತ್ತಿದ್ದಾಗ, ಒಂದರ ತಳಕ್ಕೆ ಕಪ್ಪು ಪ್ಲಾಸ್ಟಿಕ್ಕಿನ ಬಳೆಯೊಂದು ಅಂಟಿಕೊಂಡು ಮೇಲೆ ಬಂತು. ಪಕ್ಕದವುಗಳ ಕೆಳಗೂ ಅಂಥವೇ. ಎಲ್ಲಿಂದ ಬಂದವು ಎಂದು ಅವಳು ಅತ್ತೆಯನ್ನು ಕೇಳಿದಳು. ಕಾರಿಗೆ ಹೊಸ ಗಾಲಿ ಹಾಕಿದ ದಿನ ಖಾಲಿ ಡಬ್ಬದಲ್ಲಿ ಬಿದ್ದಿದ್ದವಂತೆ. ಎಸೆಯಲು ಮನಸ್ಸಾಗಲಿಲ್ಲವಂತೆ. ಸೀಸೆಗಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿವೆ ಎಂದು ಅತ್ತೆ ಹೆಮ್ಮೆಪಟ್ಟರು.

ಅವಳು ಒರೆಸುವ ಬಟ್ಟೆ ಹಿಡಿದುಕೊಂಡೇ ನಿಂತಳು. ಹೊಸ ಗಾಲಿ ಬಂದ ಮೇಲೇ ಅಲ್ಲವೇ ಅದು ಶುರುವಾದದ್ದು?

ಕೆಲಸಕ್ಕೆ ಹೋಗುವ ಹೆದ್ದಾರಿಯಲ್ಲಿ ವೇಗ ಎಂಬತ್ತು ದಾಟಿದೊಡನೆ ಸ್ಟೀರಿಂಗಿನ ಮೇಲೆ ಅವಳ ಕೈ ನಡುಗುತ್ತಿತ್ತು. ನಿಧಾನಿಸಿದರೆ ನಿಲ್ಲುತ್ತಿತ್ತು. ಗಾಲಿಯ ಯೋಚನೆ ತಲೆಗೇ ಬಂದಿರಲಿಲ್ಲ. ಬಂದದ್ದು ಅಮ್ಮನ ನೆನಪು. ಅಮ್ಮನಿಗೂ ಇದೇ ವಯಸ್ಸಿನಲ್ಲಿ ನಡುಕ ಹಿಡಿದಿತ್ತು. ಕೊನೆಕೊನೆಗೆ ಲೋಟವನ್ನು ತುಟಿಗೆ ಮುಟ್ಟಿಸಲೂ ಇನ್ನೊಬ್ಬರು ಬೇಕಾಗಿತ್ತು. ಇವಳದ್ದು ಕನ್ನಡಕದ ಅಂಗಡಿಯಲ್ಲಿ ಎಳ್ಳಿನಷ್ಟು ಸ್ಕ್ರೂ ತಿರುಗಿಸಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ. ಗಂಡನಿಗೆ ಕಾರು ಓಡಿಸಲು ಬಾರದು, ಮೈದುನ ಊರೊಳಗೆ ಓಡಿಸುತ್ತಿದ್ದನೇ ಹೊರತು ಹೆದ್ದಾರಿಗೆ ಹೋದವನಲ್ಲ. ಹಾಗಾಗಿ ಆ ನಡುಕವನ್ನು ಕಂಡವಳು ಅವಳೊಬ್ಬಳೇ. ಸೊಂಟನೋವೆಂದು ಸುಳ್ಳು ಹೇಳಿ ಬಸ್ಸು ಹಿಡಿಯತೊಡಗಿದಳು. ಸ್ನಾನದ ಮನೆಯ ಚಿಲಕ ಹಾಕಿಕೊಂಡು ಎರಡೂ ಕೈ ಚಾಚಿ ನೋಡಿಕೊಳ್ಳುತ್ತಿದ್ದಳು. ಅವು ಅಲ್ಲಾಡುತ್ತಿರಲಿಲ್ಲ. ಅದಕ್ಕೂ ಹೆದರುತ್ತಿದ್ದಳು, ಹೊಂಚು ಹಾಕಿ ಕೂತ ಕಳ್ಳನೂ ಅಲ್ಲಾಡುವುದಿಲ್ಲ.

ಅಂಗಳದಲ್ಲಿ ತಾನೇ ಗಾಲಿ ಹಾಕಿದ್ದ ಮೈದುನ, ಬಳೆಗಳನ್ನು ನೋಡಿ ನಾಲಿಗೆ ಕಚ್ಚಿಕೊಂಡ.

"ಅತ್ತಿಗೆ, ಇವು ಗಾಲಿ ಒಳಗಿರ್ಬೇಕಾದ್ದು. ಹೊರಗೆ ಕೊಳ್ಳೋ ಗಾಲಿ ಹತ್ತಾರು ಥರದ ಕಾರಿಗೆ ಆಗ್ಲಿ ಅಂತ ನಡುವಿನ ತೂತು ದೊಡ್ಡದು ಬಿಟ್ಟಿರ್ತಾರೆ. ಆ ತೂತಿನೊಳಗೆ ಕೂರೋ ನಮ್ಮ ಕಾರಿನ ಹಬ್ ಸಣ್ಣದು. ಆ ಸಂದು ತುಂಬೋಕೆ ಈ ಬಳೆ."

"ಇಲ್ದಿದ್ರೆ?"

"ನಟ್ಟು ಎಷ್ಟು ಬಿಗಿದ್ರೂ ಗಾಲಿ ಕೂದಲೆಳೆಯಷ್ಟು ಪಕ್ಕಕ್ಕೆ ಕೂತುಬಿಡತ್ತೆ. ಜೋರಾಗಿ ಹೋದ್ರೆ ಸ್ಟೀರಿಂಗ್ ನಡುಗತ್ತೆ. ನಿಮಗೆ ಗೊತ್ತಾಗ್ಲೇ ಇಲ್ವಾ?"

"ಇಲ್ಲಪ್ಪ," ಎಂದಳು.

"ನನ್ನ ಸೀಸೆ ಒಂದು ದಿನವೂ ನಡುಗ್ಲಿಲ್ಲ," ಎಂದರು ಅತ್ತೆ ಬಾಗಿಲಿನಿಂದ.

ಅವಳು ಬಳೆಗಳ ಜಿಡ್ಡನ್ನು ಸೋಪು ಹಾಕಿ ತೊಳೆದು ಒರೆಸಿ ಕೊಟ್ಟಳು. ಮೈದುನ ಜಾಕ್ ಏರಿಸಿ ಗಾಲಿ ಬಿಚ್ಚಿದ, ಹಬ್ಬಿನ ತುಕ್ಕು ಉಜ್ಜಿದ, ಗಾಲಿಯ ಹಿಂಬದಿಯಿಂದ ಬಳೆ ಒತ್ತಿದ. ಅದು ಟಕ್ಕೆಂದು ಕೂತಿತು. ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದ. ನಾಲ್ಕೂ ಮುಗಿದ ಮೇಲೆ, ಒಂದು ಸುತ್ತು ಹೋಗಿ ಬನ್ನಿ ಎಂದು ಕೀಲಿ ಕೊಟ್ಟ.

ಹೆದ್ದಾರಿಯಲ್ಲಿ ಎಂಬತ್ತಾಯಿತು. ಇನ್ನಷ್ಟು ಒತ್ತಿದಳು. ತೊಂಬತ್ತಾಯಿತು. ಸ್ಟೀರಿಂಗ್ ನಿದ್ದೆ ಹೋದ ಮಗುವಿನಂತಿತ್ತು. ಅವಳಿಗೆ ಜೋರಾಗಿ ನಗು ಬಂತು, ಹಿಂದೆಯೇ ಅಳು. ಪೆಟ್ರೋಲ್ ಬಂಕಿನ ಪಕ್ಕದ ನೆರಳಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸೀಟಿಗೆ ಒರಗಿದಳು.

ಎಡಗೈಯ ಹೆಬ್ಬೆರಳು ಅಲ್ಲಾಡುತ್ತಿತ್ತು.

ತೋರುಬೆರಳಿನ ಮೇಲೆ ಕಾಣದ ಕಾಳೊಂದನ್ನು ಹೊರಳಿಸುವ ಹಾಗೆ, ತನ್ನ ಪಾಡಿಗೆ ತಾನು. ಅದೇ ಕೈಯಲ್ಲಿ ಕೀಲಿಯನ್ನು ಎತ್ತಿ ಹಿಡಿದಳು; ನಿಂತಿತು. ಕೆಳಗಿಟ್ಟು ಕೈ ಸಡಿಲಬಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಆಗ ನೆನಪಾಯಿತು: ಅಮ್ಮನಿಗೂ ಮೊದಮೊದಲು ಲೋಟ ಹಿಡಿದಾಗ ನಡುಗುತ್ತಿರಲಿಲ್ಲ. ಮಾತಾಡುತ್ತ ಕೂತಾಗ, ಮಡಿಲಲ್ಲಿ ಸುಮ್ಮನಿದ್ದ ಕೈ ನಡುಗುತ್ತಿತ್ತು. ಜಪ ಮಾಡ್ತಿದ್ದೀಯಾ ಎಂದು ಮನೆಯವರೆಲ್ಲ ತಮಾಷೆ ಮಾಡುತ್ತಿದ್ದರು. ಇವಳೂ ಮಾಡಿದ್ದಳು. ಇಷ್ಟು ದಿನ ಅವಳು ಪರೀಕ್ಷೆ ಮಾಡಿದ್ದೆಲ್ಲ ಬಿಗಿಹಿಡಿದ ಕೈಯನ್ನು, ಚಾಚಿದ ಕೈಯನ್ನು.

ಗಾಲಿಯ ಮೇಲೆ ಹೊರಿಸೋಣವೆಂದರೆ ಗಾಲಿ ಈಗ ನೆಟ್ಟಗಿತ್ತು.

ಮನೆಗೆ ಬಂದಾಗ ಮೈದುನ ಜಾಕ್ ಒರೆಸುತ್ತಿದ್ದ.

"ಹೇಗಿದೆ ಅತ್ತಿಗೆ, ನಡುಕ ಏನಾದ್ರೂ?"

"ಏನೂ ಇಲ್ಲ. ನಾಳೆಯಿಂದ ಕಾರಲ್ಲೇ ಹೋಗ್ತೀನಿ."

ಸೊಂಟನೋವು ಅಷ್ಟು ಬೇಗ ಹೋಯಿತೇ ಎಂದು ಅತ್ತೆ ಕೇಳಿದರು. ಹೋಯಿತು ಎಂದಳು. ಹೆದ್ದಾರಿಯಲ್ಲಿ ತನ್ನ ಕನ್ನಡಕದ ಅಂಗಡಿಯ ತಿರುವು ಬಿಟ್ಟು ಇನ್ನಷ್ಟು ಮುಂದೆ ಹೋದರೆ, ಅಮ್ಮನನ್ನು ಕರೆದೊಯ್ಯುತ್ತಿದ್ದ ನರರೋಗದ ಆಸ್ಪತ್ರೆ. ಬೆಳಿಗ್ಗೆ ಅದು ಎಷ್ಟು ಹೊತ್ತಿಗೆ ತೆರೆಯುತ್ತದೆಂಬುದು ಅವಳಿಗೆ ಇನ್ನೂ ನೆನಪಿತ್ತು. ಎಡಗೈಯಲ್ಲಿ ಒರೆಸುವ ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಅರ್ಧಕ್ಕೆ ಬಿಟ್ಟಿದ್ದ ಕಟ್ಟೆಯನ್ನು ಒರೆಸತೊಡಗಿದಳು.