ಸಕ್ಕರೆಗೆ ಕದಲದ ಸೂಜಿ

ಜ್ವರ ಬಿಟ್ಟಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಬೇರೆಯವರಿಗಾದರೆ ಇದು ಊಟ ಸೇರದ ಕಷ್ಟ. ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವಳಿಗೆ, ಅದೂ ಕೆಲಸ ಖಾಯಂ ಆಗಬೇಕಿದ್ದ ತಿಂಗಳಲ್ಲಿ, ಅನ್ನಕ್ಕೇ ಕಲ್ಲು ಬಿದ್ದ ಹಾಗೆ. ಅವಳು ಎಂದೂ ಅಳೆದು ಹಾಕಿದವಳಲ್ಲ. ಕೈ ಹಾಕುತ್ತಿತ್ತು, ನಾಲಿಗೆ ತೀರ್ಪು ಕೊಡುತ್ತಿತ್ತು.

ಗುಟ್ಟು ಗೊತ್ತಿದ್ದದ್ದು ನಾದಿನಿಗೆ ಮಾತ್ರ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವವಳು, ಮನೆಯಲ್ಲೂ ಬಿಡುವವಳಲ್ಲ. ಬ್ಯಾಟರಿ, ಎರಡು ತಂತಿ, ಕರೆಂಟು ಅಳೆಯುವ ಸೂಜಿಯ ಮೀಟರು ತಂದಳು. ತಾನೇ ರುಚಿ ನೋಡಿ ಉಪ್ಪು ಸರಿಮಾಡಿದ ಸೂಪನ್ನು ತಣಿಸಿ, ತಂತಿ ಅದ್ದಿ, ಸೂಜಿ ನಿಂತಲ್ಲಿ ಗೆರೆ ಎಳೆದಳು: ಇನ್ನು ದಿನವೂ ಸೂಜಿ ಆ ಗೆರೆ ಮುಟ್ಟುವಷ್ಟು ಉಪ್ಪು.

“ಉಪ್ಪಲ್ಲಿ ಇಬ್ರು ಇರ್ತಾರೆ, ಅತ್ತಿಗೆ. ಸೋಡಿಯಂನ ಹೊರಸುತ್ತಲ್ಲಿ ಒಂದೇ ಎಲೆಕ್ಟ್ರಾನು. ಕ್ಲೋರಿನ್ನಿಗೆ ಸುತ್ತು ತುಂಬೋಕೆ ಒಂದು ಕಮ್ಮಿ. ಇದು ಕೊಡತ್ತೆ, ಅದು ತಗೊಳತ್ತೆ.”

“ಬರೀ ತಗೊಳ್ಳೋದು ಅಂದ್ರೆ ನಿಮ್ಮಣ್ಣನ ಜಾತಿ.”

“ಕೇಳಿ ಇಲ್ಲಿ! ಆಗ ಎರಡಕ್ಕೂ ಒಂದಕ್ಕೊಂದು ವಿರುದ್ಧವಾದ ವಿದ್ಯುತ್ತು ಬರತ್ತೆ, ಗಟ್ಟಿಯಾಗಿ ಹಿಡ್ಕೊಳ್ತಾವೆ. ನೀರಿಗೆ ಬಿದ್ರೆ ಬಿಟ್ಕೊಂಡು ಓಡಾಡ್ತಾವೆ. ಕರೆಂಟು ಹೊರೋದು ಅವೇ.”

ಸೂಪು ದಿನವೂ ಹದವಾಗಿ ಬಂತು. ಆಮೇಲೊಂದು ಬೆಳಿಗ್ಗೆ ಯಾರೋ ದೊಡ್ಡವರ ತಂಡ ಬಂದಿತು, ಚಹಾ ಮಾಡುವವನು ರಜೆಯಲ್ಲಿದ್ದ, ದೊಡ್ಡ ಪಾತ್ರೆಯಲ್ಲಿ ಚಹಾ ಅವಳೇ ಇಡಬೇಕಾಯಿತು. ಸಕ್ಕರೆ ಹಾಕಿ ತಂತಿ ಅದ್ದಿದಳು. ಸೂಜಿ ಇದ್ದಲ್ಲೇ ಇತ್ತು. ಇನ್ನಷ್ಟು ಸುರಿದಳು. ಮತ್ತಷ್ಟು. ಕೊನೆಗೆ, ಚಹಾ ಒಳಗೆ ಹೋದಮೇಲೆ, ಫೋನು ಮಾಡಿದಳು.

“ಸೂಜಿ ಜಪ್ಪಯ್ಯ ಅಂದ್ರೂ ಏಳ್ತಿಲ್ಲ ಕಣೇ. ಸಕ್ಕರೆ ಕೆಟ್ಟಿದ್ಯಾ?”

“ಅಯ್ಯೋ ಅತ್ತಿಗೆ! ಸಕ್ಕರೇಲಿ ಕೊಡೋದು ತಗೊಳ್ಳೋದು ಇಲ್ಲ. ಎಲ್ಲಾ ಪರಮಾಣುಗಳೂ ಎಲೆಕ್ಟ್ರಾನ್ ಹಂಚ್ಕೊಂಡು ಕೂತಿರ್ತಾವೆ. ಕರಗಿದ್ರೂ ಇಡೀ ಅಣು ಹಾಗೇ ಇರತ್ತೆ, ವಿದ್ಯುತ್ತಿಲ್ಲ. ಎಷ್ಟು ಹಾಕಿದ್ರಿ?”

ಹಿಂದೆ ಮ್ಯಾನೇಜರು ಕಪ್ಪು ಹಿಡಿದು ನಿಂತಿದ್ದರು. ಕುಡಿದದ್ದು ಚಹಾ ಅಲ್ಲ, ಪಾಕ ಎಂದು ಮುಖವೇ ಹೇಳುತ್ತಿತ್ತು.

“ಏನಮ್ಮಾ, ರುಚಿ ನೋಡಿದ್ರಾ ಇದನ್ನ?”

ಸುಳ್ಳು ತುಟಿಯವರೆಗೆ ಬಂದು ವಾಪಸು ಹೋಯಿತು. “ರುಚಿ ಗೊತ್ತಾಗಲ್ಲ ಸಾರ್. ಜ್ವರ ಬಂದಾಗಿಂದ.”

“ಮತ್ತೆ ದಿನಾ ಆ ಸೂಪು?”

ತೋರಿಸಿದಳು. ನೀರಿಗೆ ಚಿಟಿಕೆ ಉಪ್ಪು: ಸೂಜಿ ಜಿಗಿಯಿತು. ಇನ್ನೊಂದು ಲೋಟಕ್ಕೆ ಸಕ್ಕರೆ: ಮಲಗಿಯೇ ಇತ್ತು. ಸಿಟ್ಟಾಗಬೇಕಿದ್ದ ಮನುಷ್ಯ ಸ್ಟೂಲು ಎಳೆದುಕೊಂಡು ಕೂತರು.

“ಬೇರೆ ಚಹಾ ಇಡಿ. ನಾಲಿಗೆ ಬರೋವರೆಗೂ ಸಿಹಿ ನಾನು ನೋಡ್ತೀನಿ, ಉಪ್ಪು ನಿಮ್ದು. ನಿಮ್ಮನ್ನ ಖಾಯಂ ಮಾಡಿ ಅಂತ ಆಫೀಸಿಗೆ ನಾನು ಹೇಳ್ತೀನಿ.” ತಂತಿಗಳನ್ನು ತಾವೇ ಒರೆಸಿದರು. “ಅದಿರ್ಲಿ, ಎಣ್ಣೇಲಿ ಅದ್ದಿದ್ರೆ ಏನಾಗತ್ತೆ?”