ಚಿಗರಿಯ ಹಗ್ಗ

ನಾನು ಸ್ಪೇನ್ ದೇಶದ ಸಮುದ್ರದಂಡೆ ನೋಡಿ ಬಂದವನು ಎಂದರೆ ಬೀಳಗಿಯ ನಮ್ಮ ಕಚೇರಿಯಲ್ಲಿ ಯಾರೂ ನಂಬುವುದಿಲ್ಲ. ಜವಾನ ಹಾಲಸಿದ್ದಪ್ಪನಿಗೆ ಎಲ್ಲಿಯ ಸ್ಪೇನು ಎಂದು ನಗುತ್ತಾರೆ. ನಗಲಿ, ಅವರ ಹಲ್ಲು ಅವರವು. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ಐವತ್ತೈದರಲ್ಲಿ, ಜಮಖಂಡಿಯ ಹತ್ತಿ ವ್ಯಾಪಾರಿ ಪರಮಾನಂದ ಸಾಹೇಬರ ಜೊತೆ ಇಪ್ಪತ್ತು ದಿನ ಆ ದಂಡೆಯುದ್ದಕ್ಕೂ ಮೋಟಾರಿನಲ್ಲಿ ತಿರುಗಿದ್ದೇನೆ. ಅವರು ಹೋದದ್ದು ಮೋಜಿಗೆ, ನಾನು ಹೋದದ್ದು ನನ್ನ ನಾಯಿಯ ಸಲುವಾಗಿ.

ಚಿಗರಿ ನಮ್ಮಪ್ಪ ಸಿದರಾಯ ಸಾಯುವ ಮುಂಚೆ ಸಾಕಿದ ಕೊನೆಯ ಮರಿ. ಮುಧೋಳದ ಕಡೆಯ ಬೇಟೆನಾಯಿ, ಉದ್ದ ಮೂತಿ, ಬೆನ್ನಿಗೆ ಹತ್ತಿದ ಹೊಟ್ಟೆ. ಸಾಹೇಬರಿಗೆ ಸ್ಪೇನಿನಲ್ಲಿ ರಮೋನ್ ಎಂಬ ಹಳೆಯ ಗೆಳೆಯ, ಮೊಲದ ಬೇಟೆಯ ಹುಚ್ಚ. ನಮ್ಮ ನಾಡಿನ ನಾಯಿ ಹೇಗೆ ಓಡುತ್ತದೆಂದು ತೋರಿಸುತ್ತೇನೆ ಅಂತ ಸಾಹೇಬರು ಅವನ ಜೊತೆ ಪಂಥ ಕಟ್ಟಿದ್ದರಂತೆ.

"ಸಾತವ್ವ, ಬರೇ ತೋರಿಸಿಕೊಂಡ ಬರೂದೈತಿ," ಎಂದು ನಮ್ಮ ಅವ್ವನಿಗೆ ಹೇಳಿದರು.

"ಹೋದಾಂಗ ತಿರುಗಿ ಬರಬೇಕ್ರಿ. ಆ ನಾಯಿ ಇದ್ರ ನನ್ನ ಗಂಡ ಮನ್ಯಾಗ ಇದ್ದಾಂಗ," ಎಂದಳು ಅವ್ವ. ಆಮೇಲೆ ನನ್ನತ್ತ ತಿರುಗಿದಳು. "ಲೇ ಹಾಲಸಿದ್ದಾ, ಹಗ್ಗಾ ಯಾರ ಕೈಯಾಗೂ ಕೊಡಬ್ಯಾಡ. ಬೇಕಾದ್ರ ಗಿಡಕ್ಕ ಕಟ್ಟು."

ಕುರಿ ಕಾಯುವ ನಮ್ಮ ಮನೆತನದಲ್ಲಿ ಅದೊಂದು ಕಟ್ಟಳೆ. ನಾಯಿಯ ಹಗ್ಗ ಕೈಯಿಂದ ಕೈಗೆ ಕೊಟ್ಟರೆ ನಾಯಿಯನ್ನೇ ಕೊಟ್ಟಂತೆ. ನಮ್ಮ ಮನೆದೇವರು ಬೀರಪ್ಪನ ಸಾಕ್ಷಿಯಾಗಿ ಕೊಟ್ಟದ್ದನ್ನು ಯಾವ ದಾರಿಯಿಂದ ಮರಳಿ ತಂದರೂ ಹಟ್ಟಿ ಉಳಿಯುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ.

ಹಡಗಿನ ಕತೆ ಬಿಡಿ, ವಾಂತಿಯ ಹೊರತು ಅದರಲ್ಲೇನಿಲ್ಲ. ದಂಡೆ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಮೊದಲು ಕೆಂಪು ಬಂಡೆಗಳು, ಅಂಚಿನಲ್ಲಿ ಬಗ್ಗಿ ನಿಂತ ಮರಗಳು, ಇಣುಕಿದರೆ ಎದೆ ಝಲ್ಲೆನ್ನುವಷ್ಟು ಕೆಳಗೆ ನೀರು. ಸಾಹೇಬರ ಹೆಂಡತಿ ಸಾವಿತ್ರೆವ್ವ ಆ ತಿರುವುಗಳನ್ನೆಲ್ಲ ಕಣ್ಣು ಮುಚ್ಚಿಕೊಂಡೇ ದಾಟಿದರು. ಊರಿಗೆ ಬಂದು ಬಹಳ ಚೆಂದ ಇತ್ತು ಎಂದರು. ಆಮೇಲೆ ಮೈಲುಗಟ್ಟಲೆ ಮರಳು, ಕಿತ್ತಳೆ ತೋಟ, ನೀರು ನಿಂತ ಭತ್ತದ ಗದ್ದೆ. ಅಲ್ಲಿ ಚಿಗರಿ ತೆರೆಗೆ ಬೊಗಳಿತು. ತೆರೆ ಹಿಂದೆ ಸರಿದಾಗ ತಾನೇ ಓಡಿಸಿದೆನೆಂದು ನನ್ನತ್ತ ತಿರುಗಿ ಬಾಲ ಅಲ್ಲಾಡಿಸಿತು. ಆ ದೇಶದಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ದಿನ. ಇನ್ನೂ ದಕ್ಷಿಣಕ್ಕೆ ಬಂದರೆ ಬೋಳು ಗುಡ್ಡ, ಪಾಪಾಸುಕಳ್ಳಿ, ಆಡಿನ ಹಿಂಡು. ಥೇಟ್ ಬೀಳಗಿ, ಪಕ್ಕದಲ್ಲೊಂದು ಸಮುದ್ರ ತಂದಿಟ್ಟಿದ್ದಾರೆ ಅಷ್ಟೆ. ರಮೋನನ ಮನೆ ಅಲ್ಲಿಯೇ ಇತ್ತು.

ಮರುದಿನ ಮುಂಜಾನೆ ಬೇಟೆ. ರಮೋನನ ನಾಯಿಗಳು ಇನ್ನೂ ಅರ್ಧ ಗುಡ್ಡದಲ್ಲಿದ್ದಾಗ ಚಿಗರಿ ಮೊಲ ಹಿಡಿದು ನನ್ನ ಕಾಲ ಬಳಿ ತಂದಿಟ್ಟಿತ್ತು. ಹೆಮ್ಮೆಯಿಂದ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಅದರ ಕೊರಳಿಗೆ ಹಗ್ಗ ಹಾಕಿ ಮೊಲ ಎತ್ತಿಕೊಂಡೆ. ಮುದುಕ ರಮೋನ್ ಏದುಸಿರು ಬಿಡುತ್ತ ಬಂದ, ಕಣ್ಣಲ್ಲಿ ನೀರು ತಂದುಕೊಂಡು ಕೈ ಚಾಚಿದ. ಮೊಲ ಕೊಡಬೇಕಾಗಿತ್ತು. ನಾನು ಹಗ್ಗ ಕೊಟ್ಟೆ.

ಕೊಟ್ಟ ಮೇಲೆ ತಿಳಿಯಿತು. ಆ ದಿನವಿಡೀ ಮುದುಕ ಚಿಗರಿಯನ್ನು ಹಿಡಿದುಕೊಂಡು ತಿರುಗಿದ, ನಾನು ಹಿಂದೆ ಹಿಂದೆ ನಡೆದೆ. ಹೊರಡುವ ದಿನ ಅವನೇ ನಗುತ್ತ ಅದನ್ನು ಮೋಟಾರಿನ ಬಳಿ ತಂದು ಹಗ್ಗ ನನ್ನತ್ತ ಚಾಚಿದ. ನಾನು ಕೈ ಹಿಂದೆ ಕಟ್ಟಿಕೊಂಡೆ.

"ತಗೋಲೇ, ಹೊತ್ತಾಗಾಕತ್ತೈತಿ," ಎಂದರು ಸಾಹೇಬರು.

"ಕೈಯಾಗ ಹಗ್ಗಾ ಕೊಟ್ಟ ಬಿಟ್ಟೇನ್ರಿ. ತಿರುಗಿ ತಗೊಳ್ಳಾಕ ಬರೂದಿಲ್ರಿ. ನಮ್ಮ ಕಟ್ಟಳೆ ಅವರಿಗೆ ತಿಳಿಸಿ ಹೇಳ್ರಿ."

"ಹುಚ್ಚದಿಯೇನ? ಅಂವ ತಾನಾಗೇ ಕೊಡಾಕತ್ತಾನ. ಇದನ್ನ ಇಂಗ್ಲೀಷಿನ್ಯಾಗ ಹೆಂಗ ಹೇಳಲಿ?"

ಸಂಕಟ ಅದೇ ಆಗಿತ್ತು. ಕಸಿದುಕೊಂಡಿದ್ದರೆ ಜಗಳವಾಡಬಹುದಿತ್ತು, ಅವನು ಕೊಡುತ್ತಿದ್ದ. ನನಗೆ ಚಿಗರಿ ಬೇಕಾಗಿತ್ತು, ಆದರೆ ಕೈ ಮುಂದೆ ಬರಲಿಲ್ಲ. ಹಟ್ಟಿಯಲ್ಲಿ ಅವ್ವ ಒಬ್ಬಳೇ ಇದ್ದಾಳೆ, ಅವಳಿಗೇನಾದರೂ ಆದರೆ ಎಂದು ಅಂಜಿದೆ. ಸಾಹೇಬರು ಅದೇನು ಹೇಳಿದರೋ, ಮುದುಕ ನನ್ನನ್ನು ತಬ್ಬಿಕೊಂಡು ತನ್ನ ಟೋಪಿ ತೆಗೆದು ನನ್ನ ತಲೆಗೆ ಹಾಕಿದ. ನಾನು ನಾಯಿಯನ್ನು ಕಾಣಿಕೆ ಕೊಟ್ಟೆನೆಂದು ತಿಳಿದಿದ್ದ. "ನನ್ನ ಮಾನಾ ಹೆಚ್ಚಿಸಿದಿ ನೋಡಲೇ," ಎಂದು ಸಾಹೇಬರು ಬೆನ್ನು ತಟ್ಟಿದರು. ಮೋಟಾರು ಸರಿದಾಗ ಚಿಗರಿ ಬೊಗಳಿತು. ಈ ಸಲ ಬಾಲ ಅಲ್ಲಾಡಿಸಲಿಲ್ಲ.

ಊರಿಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಬಿಟ್ಟು ನನ್ನ ಹಿಂದೆ ನೋಡಿದಳು. ನಡೆದದ್ದನ್ನೆಲ್ಲ ಹೇಳಿದೆ.

"ಹಟ್ಟಿ ಉಳಿಯೂದಿಲ್ಲಂತ ಅಂಜಿದೇನ?" ಎಂದಳು.

"ಹೂಂ ಬೇ. ನಿನಗೇನರ ಆದೀತಂತ ಅಂಜಿದ್ನಿ."

"ನನಗ ಏನರ ಆಗೂದಿದ್ರ ಆಗತಿತ್ತಲೇ! ಬೀರಪ್ಪನ ಮುಂದ ನಾ ನಿಂತ ಹೇಳತಿದ್ನಿ. ನೀ ಅದನ್ನ ತರಬೇಕಿತ್ತೋ."

ನಾನು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಅವ್ವ ಒಳಗೆ ಹೋಗಿ ಊಟಕ್ಕೆ ಬಡಿಸಿದಳು. ಚಿಗರಿಗೆಂದು ಬೇರೆ ತಟ್ಟಿ ಇಟ್ಟಿದ್ದ ದಪ್ಪ ರೊಟ್ಟಿಯನ್ನೂ ನನ್ನ ತಾಟಿಗೇ ಹಾಕಿದಳು. ಅದನ್ನು ನಾನೇ ತಿಂದೆ.